ಒಂದೇ ಕೆರೆಯ ಕೆಳಗಿನ ಆರು ಗದ್ದೆಗಳು

ಬ್ಯಾಂಕಿನ ಠೇವಣಿಯ ಬಡ್ಡಿಯಿಂದ ತೃಪ್ತರಾಗದ ನಮ್ಮ ಮಧ್ಯಮ ವರ್ಗದವರನೇಕರು, ವಿಶೇಷವಾಗಿ ನಿವೃತ್ತ ನೌಕರರು, ತಮ್ಮ ಉಳಿತಾಯವನ್ನು ಸಾಲಪತ್ರಗಳ ಮ್ಯೂಚುವಲ್ ಫಂಡುಗಳಲ್ಲಿ ತೊಡಗಿಸುತ್ತಿರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಸರಕಾರಕ್ಕೂ ಉದ್ಯಮಕ್ಕೂ ಬೇಕಾದ ಸಾಲವು ಸ್ವದೇಶದ ಜನರ ಉಳಿತಾಯದಿಂದಲೇ ಒದಗುವುದು ರಾಷ್ಟ್ರಕ್ಕೆ ಶ್ರೇಯಸ್ಕರವಾದುದು. ಆದರೆ ನಾಲ್ಕಾರು ನಿಧಿಗಳಲ್ಲಿ ಹಣವನ್ನು ಹಂಚಿದೊಡನೆ ಅಪಾಯವೂ ಹಂಚಿಹೋಯಿತೆಂದು ನಂಬಿ ನಿಶ್ಚಿಂತರಾಗುವ ಪ್ರವೃತ್ತಿಯು ಮಾತ್ರ ವಿಚಾರಾರ್ಹವಾಗಿದೆ.

2020ನೆಯ ಇಸವಿ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್‌ಟನ್ ಸಂಸ್ಥೆಯು ತನ್ನ ಆರು ಸಾಲಪತ್ರ ನಿಧಿಗಳನ್ನು ಒಮ್ಮೆಗೇ ಮುಚ್ಚುವುದಾಗಿ ಸಾರಿತು. 25,000 ಕೋಟಿ ರೂಪಾಯಿಗಳಿಗೂ ಮೀರಿದ ಹಣವು ಅವುಗಳಲ್ಲಿ ಸಿಲುಕಿತು. ಹೆಸರುಗಳೇನೋ ಬೇರೆ ಬೇರೆ: ಒಂದು ಅತ್ಯಲ್ಪಾವಧಿಯದು, ಒಂದು ಅಲ್ಪಾವಧಿಯದು, ಇನ್ನೊಂದು ಆದಾಯದ್ದು. ಆದರೆ ಆರರಲ್ಲಿಯೂ ಕೆಳದರ್ಜೆಯ ರೇಟಿಂಗಿನ ಪತ್ರಗಳು ಹೇರಳವಾಗಿದ್ದವು. ಕೋವಿಡ್ ವ್ಯಾಧಿಯ ಭೀತಿಯಲ್ಲಿ ಅಂತಹ ಪತ್ರಗಳಿಗೆ ಗಿರಾಕಿಗಳೇ ಇಲ್ಲವಾದಾಗ, ಹಣ ಮರಳಿ ಕೇಳಿದವರಿಗೆ ಕೊಡುವ ಮಾರ್ಗ ಆರಕ್ಕೂ ಏಕಕಾಲದಲ್ಲಿ ಮುಚ್ಚಿತು. ಒಂದೇ ಕೆರೆಯ ಕೆಳಗೆ ಆರು ಗದ್ದೆಗಳನ್ನು ಕೊಂಡ ರೈತನು ಕೆರೆ ಬತ್ತಿದ ವರ್ಷ ಆರರ ಬೆಳೆಯನ್ನೂ ಕಳೆದುಕೊಳ್ಳುವನಲ್ಲವೆ?

ಹಣ ಹೂಡಿದವರ ಬಹುಮತದ ಸಮ್ಮತಿಯಿಲ್ಲದೆ ನಿಧಿಗಳನ್ನು ಮುಚ್ಚಲಾಗದೆಂದು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರಿನಲ್ಲಿ ತೀರ್ಪಿತ್ತುದನ್ನೂ, ಸಮ್ಮತಿ ಅವಶ್ಯವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿದುದನ್ನೂ ಇಲ್ಲಿ ಸ್ಮರಿಸತಕ್ಕದ್ದು. ಕಾಲಕ್ರಮದಲ್ಲಿ, ಒಟ್ಟಾರೆ ನೋಡಿದರೆ, ಮುಚ್ಚಿದ ದಿನದ ಮೌಲ್ಯಕ್ಕಿಂತ ಹೆಚ್ಚಿನ ಹಣವೇ ಹಿಂದಿರುಗಿತೆಂಬುದೂ ನಿಜ. ಆದರೆ ಮಗಳ ಮದುವೆಗೋ ಔಷಧೋಪಚಾರಕ್ಕೋ ಕೂಡಿಟ್ಟ ಹಣವು ವರ್ಷಗಳ ಮೇಲೆ ಕಂತುಕಂತಾಗಿ ಕೈಸೇರಿದರೆ ಸಮಯಕ್ಕೆ ಒದಗಿತೆನ್ನಬಹುದೆ?

ಅರ್ಥಶಾಸ್ತ್ರಜ್ಞರು ಇದಕ್ಕೆ ಸಹಸಂಬಂಧವೆಂಬ ಅಳತೆಯೊಂದನ್ನು ಹೇಳುತ್ತಾರೆ. ಎರಡು ಹೂಡಿಕೆಗಳು ಸದಾ ಒಟ್ಟಿಗೆ ಏರಿಳಿದರೆ ಅದು 1. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ 0. ಸದಾ ವಿರುದ್ಧವಾಗಿ ಚಲಿಸಿದರೆ ಋಣ 1. ತಲಾ ಶೇಕಡಾ 10ರಷ್ಟು ಏರಿಳಿತವುಳ್ಳ ಎರಡು ನಿಧಿಗಳಲ್ಲಿ ಹಣವನ್ನು ಸಮಪಾಲು ಹಾಕಿದರೆ, ಸಹಸಂಬಂಧವು 1 ಇದ್ದಾಗ ಒಟ್ಟಿನ ಏರಿಳಿತವು ಶೇಕಡಾ 10 ಆಗಿಯೇ ಉಳಿಯುವುದು. 0 ಇದ್ದಾಗ ಸುಮಾರು 7ಕ್ಕೆ ಇಳಿಯುವುದು. ರಕ್ಷಣೆಯು ನಿಧಿಗಳ ಸಂಖ್ಯೆಯಲ್ಲಿಲ್ಲ, ಅವುಗಳ ಭಿನ್ನತೆಯಲ್ಲಿದೆ.

ಆದರೆ ಈ ಅಂಕಿಯನ್ನೂ ಕುರುಡಾಗಿ ನಂಬಲಾಗದು. ಅಮೆರಿಕದಲ್ಲಿ ಷೇರು ಬಿದ್ದಾಗ ಸಾಲಪತ್ರಗಳು ಕಾಪಾಡುವುವೆಂಬ ನಂಬಿಕೆ ಬಹುಕಾಲ ಬೇರೂರಿತ್ತು. 2022ರಲ್ಲಿ ಬೆಲೆಯೇರಿಕೆಯನ್ನು ತಡೆಯಲು ಅಲ್ಲಿಯ ಫೆಡರಲ್ ರಿಸರ್ವ್ ಬಡ್ಡಿಯನ್ನು ತೀವ್ರವಾಗಿ ಏರಿಸಲು, ಪ್ರಮುಖ ಷೇರು ಸೂಚ್ಯಂಕವು ಸುಮಾರು ಶೇಕಡಾ 18, ಸಾಲಪತ್ರಗಳ ಸೂಚ್ಯಂಕವು ಸುಮಾರು 13 ಕುಸಿದವು. ಇದಲ್ಲದೆ, ನಿರ್ವಾಹಕನು ತನ್ನ ವಿವೇಚನೆಯಂತೆ ಪತ್ರಗಳನ್ನು ಕೊಂಡು ಮಾರುವ ನಿಧಿಯಲ್ಲಿ ನಿನ್ನೆಯ ಅಳತೆ ಇಂದಿಗೆ ಸಲ್ಲದಿರಬಹುದು. ಬಡ್ಡಿ ಇಳಿಯುವುದೆಂದೆಣಿಸಿ ಆತನು ದೀರ್ಘಾವಧಿಯ ಪತ್ರಗಳನ್ನು ತುಂಬಿದರೆ, ಅಥವಾ ಹೆಚ್ಚಿನ ಆದಾಯಕ್ಕಾಗಿ ದುರ್ಬಲ ಸಾಲಗಾರರನ್ನು ಆಶ್ರಯಿಸಿದರೆ, ಹೆಸರು ಅದೇ ಇದ್ದರೂ ನಿಧಿಯ ಸ್ವರೂಪವೇ ಬದಲಾಗುವುದು.

ಆದುದರಿಂದ ಹಣ ಹೂಡುವವರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಈ ನಿಧಿಯ ಸಾಲಗಾರರು ಯಾರು? ಬಡ್ಡಿಯು ಶೇಕಡಾ 1 ಏರಿದರೆ ಮೌಲ್ಯವು ಎಷ್ಟು ಇಳಿಯುವುದು? ನಮ್ಮ ಇತರ ನಿಧಿಗಳಲ್ಲಿಯೂ ಇವೇ ಪತ್ರಗಳಿವೆಯೆ? 2021ರ ಡಿಸೆಂಬರ್ 1ರಿಂದ ಪ್ರತಿಯೊಂದು ಸಾಲಪತ್ರ ನಿಧಿಯೂ ಬಡ್ಡಿಯ ಅಪಾಯ ಮತ್ತು ಸಾಲದ ಅಪಾಯಗಳಲ್ಲಿ ತನ್ನ ಗರಿಷ್ಠ ಮಿತಿಯನ್ನು ಒಂಬತ್ತು ಮನೆಗಳ ಕೋಷ್ಟಕದಲ್ಲಿ ತೋರಿಸಬೇಕೆಂದು ಸೆಬಿ ವಿಧಿಸಿರುವುದು ಸ್ವಾಗತಾರ್ಹವಾಗಿದೆ. ಆದರೆ ಒಂದೇ ಸಂಸ್ಥೆಯ ಹಲವು ನಿಧಿಗಳಲ್ಲಿ ಸಮಾನವಾಗಿರುವ ಸಾಲಗಾರರ ಪಟ್ಟಿಯನ್ನೂ ಜನರ ಭಾಷೆಯಲ್ಲಿ ಪ್ರಕಟಿಸುವ ಕಟ್ಟಳೆ ಬರಬೇಕೆಂದು ನಾವು ಒತ್ತಿ ಹೇಳಬಯಸುತ್ತೇವೆ. ಗದ್ದೆ ಕೊಳ್ಳುವವನಿಗೆ ನೀರು ಯಾವ ಕೆರೆಯಿಂದ ಬರುವುದೆಂದು ತಿಳಿಯುವ ಹಕ್ಕಿದೆ.