ಹಳೇ ಕಾರಿನ ಸೆನ್ಸರ್ ಮನೆಯಲ್ಲೇ ಬದಲಿಸೋದು ಹೇಗೆ? ಅದಕ್ಕೂ ರಾಜಕೀಯಕ್ಕೂ ಏನು ಸಂಬಂಧ?

ಮಳೆಗಾಲ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಹಳೇ ಕಾರು ಇಟ್ಟುಕೊಂಡವರ ದೂರು ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಡ್ಯಾಶ್‌ಬೋರ್ಡಿನ ಹಳದಿ 'ಚೆಕ್ ಇಂಜಿನ್' ದೀಪ ಆರೋದೇ ಇಲ್ಲ. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಒಂದೇ: 'ಸೆನ್ಸರ್ ಹೋಗಿದೆ.' ಯಾವ ಸೆನ್ಸರ್? ಹೋಗಿದೆ ಅಂತ ಹೇಗೆ ಗೊತ್ತಾಯ್ತು? ಈ ಎರಡು ಪ್ರಶ್ನೆ ಕೇಳುವವರು ಕಡಿಮೆ. ಕೇಳಿದರೂ ಉತ್ತರ ಹೇಳುವಷ್ಟು ಮಾಹಿತಿ ಪಾಪ ಮೆಕ್ಯಾನಿಕ್ ಕೈಗೂ ಸಿಕ್ಕಿರಲ್ಲ. ಅದು ಯಾಕೆ ಸಿಕ್ಕಿಲ್ಲ ಅನ್ನೋದು ರಾಜಕೀಯದ ಪ್ರಶ್ನೆ. ಮೊದಲು ಸೆನ್ಸರ್ ವಿಷಯ ನೋಡೋಣ.

ಕಂಪ್ಯೂಟರಿಗೆ ಸುಳ್ಳು ಹೇಳುವ ಸೆನ್ಸರ್

ಕಾರ್ಬ್ಯುರೇಟರ್ ಕಾಲ ಮುಗಿದ ಮೇಲೆ ಇಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕು ಅಂತ ತೀರ್ಮಾನಿಸೋದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಅದಕ್ಕೆ ಕಣ್ಣು-ಕಿವಿ ಅಂದರೆ ಸೆನ್ಸರ್‌ಗಳು. ಅವುಗಳಲ್ಲಿ ಮನೆಯಲ್ಲಿ ಬದಲಿಸೋಕೆ ಸುಲಭವಾದದ್ದು ಕೂಲೆಂಟ್ ಟೆಂಪರೇಚರ್ ಸೆನ್ಸರ್. ಅದನ್ನೇ ಉದಾಹರಣೆಗೆ ತಗೊಳ್ಳೋಣ.

ಇದರೊಳಗೆ ಇರೋದು ಒಂದು ಥರ್ಮಿಸ್ಟರ್. ತಣ್ಣಗಿದ್ದಾಗ ಅದರ ವಿದ್ಯುತ್ ರೋಧ ಹೆಚ್ಚು, ಬಿಸಿಯಾದಂತೆ ಕಡಿಮೆ. ಇಸಿಯು 5 ವೋಲ್ಟ್ ಕಳಿಸಿ, ರೋಧ ಎಷ್ಟಿದೆ ಅಂತ ನೋಡಿ ಇಂಜಿನ್ ಬಿಸಿ ಲೆಕ್ಕ ಹಾಕುತ್ತೆ. ಇಂಜಿನ್ ತಣ್ಣಗಿದ್ದರೆ ಪೆಟ್ರೋಲ್ ಹೆಚ್ಚು ಬಿಡುತ್ತೆ. ಸೆನ್ಸರ್ ಕೆಟ್ಟು, ಕಾದ ಇಂಜಿನ್ನನ್ನೂ 'ತಣ್ಣಗಿದೆ' ಅಂತ ಹೇಳಿದರೆ? ಬೇಡದ ಪೆಟ್ರೋಲ್ ಒಳಗೆ ಹೋಗುತ್ತೆ, ಕಪ್ಪು ಹೊಗೆ ಬರುತ್ತೆ, ಮೈಲೇಜ್ ಬೀಳುತ್ತೆ. ತಪ್ಪು ಇಸಿಯುಗೆ ಗೊತ್ತಾದರೆ ಹಳದಿ ದೀಪ ಹಾಕಿ, ಅನೇಕ ಕಾರುಗಳಲ್ಲಿ ಸುರಕ್ಷತೆಗೆಂದು ರೇಡಿಯೇಟರ್ ಫ್ಯಾನನ್ನು ಒಂದೇ ಸಮನೆ ಓಡಿಸುತ್ತೆ.

ಕೋಡ್ ಅಂದರೆ ದೂರು, ತೀರ್ಪಲ್ಲ

ಸ್ಟೇರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತೆ. ಬಿಎಸ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ-2 ಕಡ್ಡಾಯ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಅದಕ್ಕೆ ಚುಚ್ಚಿ, ಫೋನಿನಲ್ಲಿ ಆ್ಯಪ್ ಹಾಕಿಕೊಂಡರೆ ಕೋಡ್ ಕಾಣುತ್ತೆ. ಅದಕ್ಕಿಂತ ಹಳೆಯ ಕಾರಿನಲ್ಲಿ ಸಾಕೆಟ್ ಇದ್ದರೂ ಈ ಸ್ಕ್ಯಾನರ್ ಕೆಲಸ ಮಾಡದೇ ಇರಬಹುದು.

ಪಿ0118 ಅಂತ ಬಂತು ಅಂದುಕೊಳ್ಳಿ. ಕೂಲೆಂಟ್ ಸೆನ್ಸರ್ 'ಸರ್ಕ್ಯೂಟಿನಲ್ಲಿ' ವೋಲ್ಟೇಜ್ ಹೆಚ್ಚಿದೆ ಅನ್ನೋದಷ್ಟೇ ಇದರ ಅರ್ಥ. ಸರ್ಕ್ಯೂಟ್ ಅಂದರೆ ಸೆನ್ಸರ್, ಕನೆಕ್ಟರ್, ವೈರ್, ಅರ್ಥಿಂಗ್ ಎಲ್ಲವೂ. ಕೋಡ್ ನೋಡಿದ ಕೂಡಲೇ ಹೊಸ ಸೆನ್ಸರ್ ಕೊಂಡರೆ ದುಡ್ಡು ದಂಡವಾಗಬಹುದು.

ನಮ್ಮ ಕರಾವಳಿಯಲ್ಲಂತೂ ಮೊದಲು ಅನುಮಾನ ಪಡಬೇಕಾದದ್ದು ಕನೆಕ್ಟರನ್ನೇ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಜೊತೆಗೆ ಉಪ್ಪಿನ ಗಾಳಿ. ತಾಮ್ರದ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟುತ್ತೆ. ಮನೆಯವರು ಗಲ್ಫ್‌ನಲ್ಲಿದ್ದು ರಜೆಗೆ ಬಂದಾಗ ಮಾತ್ರ ಹೊರಗೆ ತೆಗೆಯುವ ಕಾರುಗಳು ಭಟ್ಕಳದಲ್ಲಿ ಬೇಕಾದಷ್ಟಿವೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಕಿಲುಬಿನ ಜೊತೆ ಇಲಿ ಕಡಿದ ವೈರೂ ಸೇರಿಕೊಳ್ಳುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ ಉಜ್ಜಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತೆ.

ಕೊಳ್ಳುವ ಮುಂಚೆ ಮೂರು ಪರೀಕ್ಷೆ

ಒಂದು: ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಆ್ಯಪ್‌ನಲ್ಲಿ ಕೂಲೆಂಟ್ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಹೊರಗೆ 27 ಡಿಗ್ರಿ ಇದ್ದಾಗ ಕೂಲೆಂಟ್ ಮೈನಸ್ 40 ಅಂತ ತೋರಿಸಿದರೆ ಎಲ್ಲೋ ಸಂಪರ್ಕ ಕಡಿದಿದೆ ಅಂತ.

ಎರಡು: ಇದು ಎರಡೇ ಪಿನ್ನಿನ ಸೆನ್ಸರ್‌ಗೆ ಮಾತ್ರ. ಇಗ್ನಿಷನ್ ಆಫ್ ಮಾಡಿ, ಕನೆಕ್ಟರ್ ಕಿತ್ತು, ಅದರ ಎರಡು ಪಿನ್ನನ್ನು ಚಿಕ್ಕ ವೈರಿನಿಂದ ಜೋಡಿಸಿ. ಫ್ಯಾನ್ ತಟ್ಟನೆ ತಿರುಗಬಹುದು, ಕೈ ದೂರ ಇಟ್ಟು ಇಗ್ನಿಷನ್ ಆನ್ ಮಾಡಿ. ಮೈನಸ್ 40 ಇದ್ದದ್ದು 120ಕ್ಕೋ ಅದಕ್ಕೂ ಮೇಲಕ್ಕೋ ಹಾರಿದರೆ ವೈರ್, ಇಸಿಯು ಎರಡೂ ಸರಿಯಿವೆ. ಉಳಿಯೋದು ಸೆನ್ಸರ್ ಇಲ್ಲವೇ ಅದರ ಪಿನ್. ಅಲ್ಲಾಡದಿದ್ದರೆ ಹೊಸ ಸೆನ್ಸರ್ ಹಾಕಿದರೂ ಪ್ರಯೋಜನವಿಲ್ಲ, ವೈರ್ ಹುಡುಕಬೇಕು.

ಮೂರು: ಮಲ್ಟಿಮೀಟರಿನಿಂದ ಸೆನ್ಸರಿನ ರೋಧ ಅಳೆಯಿರಿ. ಹಲವು ಕಾರುಗಳಲ್ಲಿ ತಣ್ಣಗಿದ್ದಾಗ ಸುಮಾರು 2000 ಓಮ್, 80 ಡಿಗ್ರಿ ಹತ್ತಿರ ಸುಮಾರು 300. ನಿಖರ ಅಂಕಿ ಆಯಾ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ.

ಬದಲಿಸುವ ಕ್ರಮ

- ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇಂಜಿನ್ನಿನ ಕೂಲೆಂಟ್ ಒತ್ತಡದಲ್ಲಿರುತ್ತೆ. ಕ್ಯಾಪ್ ಅಥವಾ ಸೆನ್ಸರ್ ಬಿಚ್ಚಿದರೆ ಮುಖಕ್ಕೇ ಚಿಮ್ಮುತ್ತೆ.
- ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ.
- ಹಳೇ ಸೆನ್ಸರಿನ ಮೇಲಿರುವ ಪಾರ್ಟ್ ನಂಬರಿಗೆ ಹೊಂದುವ ಸೆನ್ಸರನ್ನೇ ತನ್ನಿ. ನೋಡೋಕೆ ಒಂದೇ ಥರ ಇದ್ದರೆ ಸಾಲದು, ಒಳಗಿನ ರೋಧದ ಲೆಕ್ಕ ಬೇರೆ ಇರಬಹುದು.
- ಕನೆಕ್ಟರಿನ ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ.
- ಕೆಳಗೆ ಟ್ರೇ ಇಡಿ. ಹೊಸ ಸೆನ್ಸರಿಗೆ ವಾಷರ್ ಹಾಕಿ ಕೈಯಲ್ಲಿ ಸಿದ್ಧ ಇಟ್ಟುಕೊಂಡೇ ಹಳೇದನ್ನು ಸ್ಪ್ಯಾನರಿನಿಂದ ಬಿಚ್ಚಿ. ಕೆಲವು ಮಾದರಿಗಳಲ್ಲಿ ಥ್ರೆಡ್ ಬದಲು ಕ್ಲಿಪ್ ಇರುತ್ತೆ.
- ಹೊಸದನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಹದವಾಗಿ ಬಿಗಿಯಿರಿ. ಅದು ಕೂರುವ ಜಾಗ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಬಲ ತೋರಿಸಿದರೆ ಬಿರಿಯುತ್ತೆ.
- ಕೂಲೆಂಟ್ ತುಂಬಿ, ಹೀಟರ್ ಆನ್ ಇಟ್ಟು ಇಂಜಿನ್ ಓಡಿಸಿ, ಒಳಗಿನ ಗಾಳಿ ಹೊರಗೆ ಹೋಗಲಿ. ಸೋರಿಕೆ ನೋಡಿ. ಕೋಡ್ ಅಳಿಸಿ. ಮರುದಿನ ಮತ್ತೆ ಮಟ್ಟ ನೋಡಿ.

ಚೆಲ್ಲಿದ ಕೂಲೆಂಟ್ ವಿಷ, ಅದೂ ಸಿಹಿ ವಿಷ. ನಾಯಿ, ಬೆಕ್ಕು, ಮಕ್ಕಳ ಕೈಗೆ ಸಿಗದಂತೆ ಒರೆಸಿ. ಏರ್‌ಬ್ಯಾಗ್, ಬ್ರೇಕ್ ಸಂಬಂಧಿಸಿದ ಸೆನ್ಸರ್‌ಗಳಿಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ.

ಬೀಗ ಹಾಕಿದ್ದು ಯಾರು?

ಇಷ್ಟೆಲ್ಲ ಮನೆಯಲ್ಲಿ ಸಾಧ್ಯವಾಗಿದ್ದಕ್ಕೆ ಕಾರಣ ಕಂಪೆನಿಗಳ ಔದಾರ್ಯ ಅಲ್ಲ. ಹೊಗೆ ನಿಯಂತ್ರಣದ ಕಾನೂನು ಓಬಿಡಿಯನ್ನು ಕಡ್ಡಾಯ ಮಾಡಿ, ಸಾಮಾನ್ಯ ಕೋಡ್‌ಗಳು ಎಲ್ಲ ಕಂಪೆನಿಗೂ ಒಂದೇ ಇರುವಂತೆ ಮಾಡಿತು. ಆ ಗೆರೆ ದಾಟಿದರೆ ಕಂಪೆನಿಯ ಸ್ವಂತ ಕೋಡ್, ವೈರಿಂಗ್ ನಕ್ಷೆ, ಹೊಸ ಬಿಡಿಭಾಗ ಹೊಂದಿಸುವ ಸಾಫ್ಟ್‌ವೇರ್ ಹೆಚ್ಚಾಗಿ ಅಧಿಕೃತ ಸರ್ವಿಸ್ ಸೆಂಟರಿನ ಒಳಗೇ ಉಳಿಯುತ್ತೆ.

ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಇದನ್ನೇ ತಪ್ಪು ಅಂದಿತು. ಶಂಶೇರ್ ಕಟಾರಿಯಾ ಅವರ ದೂರಿನ ಮೇಲೆ 14 ಕಾರು ಕಂಪೆನಿಗಳಿಗೆ 2544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿ, ಬಿಡಿಭಾಗ ಮತ್ತು ಪರೀಕ್ಷಾ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕು ಅಂತ ಆದೇಶಿಸಿತು. ಕಂಪೆನಿಗಳು ಮೇಲ್ಮನವಿ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗೆ ಸಮಿತಿ ಮಾಡಿ, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲಿನಲ್ಲಿ ಮಾಹಿತಿ ಹಾಕೋದು ಬೇರೆ, ಕೊಡಲೇಬೇಕು ಅನ್ನುವ ಕಾನೂನು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನ 2012ರಲ್ಲೂ 2020ರಲ್ಲೂ ಮತ ಹಾಕಿಯೇ ವಾಹನ ದುರಸ್ತಿಯ ಹಕ್ಕನ್ನು ಗೆದ್ದರು.

ಇನ್ನೊಂದೆಡೆ ಹಳೇ ಕಾರಿನ ಮೇಲೆ ಸರ್ಕಾರದ ಒತ್ತಡ ಏರುತ್ತಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5000ಕ್ಕೆ ಏರಿತು. ಹೊಗೆ ಕಡಿಮೆ ಆಗಬೇಕು ಅನ್ನೋದನ್ನು ಒಪ್ಪೋಣ. ಆದರೆ ಕೆಟ್ಟ ಸೆನ್ಸರಿನಿಂದ ಕಪ್ಪು ಹೊಗೆ ಬಿಡುವ ಕಾರನ್ನು ಸರಿಮಾಡಿದರೂ ಹೊಗೆ ಕಡಿಮೆ ಆಗುತ್ತಲ್ವಾ? ಗುಜರಿಗೆ ದಾರಿ ತೋರಿಸುವ ನೀತಿ ಸ್ಪ್ಯಾನರ್ ಹಿಡಿದವನಿಗೂ ದಾರಿ ಬಿಡಬೇಕು.

ಉತ್ತರ ಕನ್ನಡದವರಿಗೆ ಇದು ಹವ್ಯಾಸದ ಮಾತಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆ ಬೀದಿಗಿಳಿದು ಕೂಗಿದೆ. ಇವತ್ತಿಗೂ ದೊಡ್ಡ ಕಾಯಿಲೆ ಅಂದರೆ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಮಧ್ಯರಾತ್ರಿ ಸ್ಟಾರ್ಟ್ ಆಗುವ ಹಳೇ ಕಾರು ಎಷ್ಟೋ ಮನೆಗಳಿಗೆ ಆಂಬುಲೆನ್ಸೂ ಹೌದು.

ಹಾಗಾಗಿ ಮುಂದಿನ ಸಲ ಗ್ಯಾರೇಜಿನಲ್ಲಿ 'ಸೆನ್ಸರ್ ಹೋಗಿದೆ' ಅಂದಾಗ ಮೂರು ವಿಷಯ ಕೇಳಿ: ಕೋಡ್ ನಂಬರ್ ಬಿಲ್ಲಿನಲ್ಲಿ ಬರೆಯಿರಿ, ಏನು ಪರೀಕ್ಷೆ ಮಾಡಿದಿರಿ ಹೇಳಿ, ತೆಗೆದ ಹಳೇ ಪಾರ್ಟ್ ಕೊಡಿ. ವೋಟು ಕೇಳೋಕೆ ಬಂದವರ ಹತ್ತಿರ ಒಂದೇ ಕೇಳಿ: ಮೆಕ್ಯಾನಿಕ್ ಕೈಗೆ ಆ ಮ್ಯಾನ್ಯುಯಲ್ ಯಾವಾಗ ಸಿಗುತ್ತೆ?