ಹಳೇ ಅಂಬಾಸಿಡರ್‌ಗೆ ಹೊಸ ಕುದುರೆ: ಎಳೆತ ಹೆಚ್ಚೀತು, ಬ್ರೇಕು ಹಿಡಿದೀತೇ?

ಜಮಖಂಡಿ: "ಮಿಸ್ತ್ರಿ, ಗಾಡಿ ಎಳೀವಲ್ದು. ಇನ್ನೊಂದಿಷ್ಟು ಪಿಕಪ್ ಮಾಡಿಕೊಡ್ರಿ!" ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಿನವರಾದರೂ ಸರಿ, ಹಳೇ ಅಂಬಾಸಿಡರ್ ಇಟ್ಟುಕೊಂಡವರ ಹಾಡು ಇದೇ. ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಅಪ್ಪ ಓಡಿಸಿದ ಗಾಡಿ, ಸೀರೆ ಗಂಟು ಹೊತ್ತ ಗಾಡಿ ಎಂದು ಮಾರಲು ಮನಸ್ಸು ಬಾರದವರು ಇದ್ದಾರೆ.

ಬಲ ಹೆಚ್ಚಿಸಲು ಬರುತ್ತದೆಯೇ? ಬರುತ್ತದೆ. ಇದರ 1489 ಸಿಸಿ ಪೆಟ್ರೋಲ್ ಇಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ನಕ್ಷೆ. ನಮ್ಮಲ್ಲಿ ಕೊಡುತ್ತಿದ್ದದ್ದು ಸುಮಾರು 50 ಕುದುರೆ ಬಲ. ಅದೇ ತಳಿಯ 1489 ಸಿಸಿ ಇಂಜಿನ್ 1955ರಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಕೂತು 68 ಕೊಟ್ಟಿತು! ಎರಡು ಕಾರ್ಬುರೇಟರ್, ಹೆಚ್ಚಿನ ಕಂಪ್ರೆಷನ್. ಮಾಟ ಏನೂ ಅಲ್ಲ. ಇಂಜಿನ್ ಎಂದರೆ ಗಾಳಿ ಪಂಪು. ಹೆಚ್ಚು ಗಾಳಿ ಒಳಗೆ ಬರಬೇಕು, ಬಿಗಿಯಾಗಿ ಒತ್ತಬೇಕು, ಹೊಗೆ ಸಲೀಸಾಗಿ ಹೊರಗೆ ಹೋಗಬೇಕು.

ಆದರೆ ಹೊಸ ಕುದುರೆ ಕಟ್ಟುವ ಮೊದಲು ಓಡಿಹೋದ ಕುದುರೆ ಹಿಡಿದು ತರಬೇಕಲ್ಲ? ಕಂಪ್ರೆಷನ್ ಗೇಜ್ ಹಾಕಿ ನೋಡಿ. ಒಂದು ಸಿಲಿಂಡರ್ ಸೊರಗಿದ್ದರೆ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಮೇಲೆ ಅನುಮಾನ. ಟ್ಯಾಪೆಟ್, ಪಾಯಿಂಟ್, ಟೈಮಿಂಗ್ ಸರಿ ಮಾಡಿದರೇ ಅರ್ಧ ತಕರಾರು ತೀರುತ್ತದೆ. ಎಸ್‌ಯು ಕಾರ್ಬುರೇಟರ್ ಇದ್ದರೆ ಅದರ ಮೇಲಿನ ಡ್ಯಾಂಪರಿನಲ್ಲಿ ಆಯಿಲ್ ಒಣಗಿದರೂ ಎಕ್ಸಿಲರೇಟರ್ ಒತ್ತಿದೊಡನೆ ಗಾಡಿ ಮುಗ್ಗರಿಸುತ್ತದೆ. ಒಂದೆರಡು ಹನಿ ಆಯಿಲಿನ ಕೆಲಸಕ್ಕೆ ಹೆಡ್ ಬಿಚ್ಚಿಸಿದವರೂ ಇದ್ದಾರು!

ಹೆಡ್ ತೇಯಿಸಿ ಕಂಪ್ರೆಷನ್ ಏರಿಸುವುದು ಹಳೇ ಉಪಾಯ. ಅತಿ ಆದರೆ ಇಂಜಿನ್ ಕಟಕಟ ಬಡಿಯುತ್ತದೆ, ಪಿಸ್ಟನ್ನಿಗೆ ತೂತು ಬೀಳುತ್ತದೆ. ಇನ್ನೊಂದು: 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಹಳೇ ಎರಕದ ಹೆಡ್ಡಿನ ವಾಲ್ವ್ ಸೀಟಿಗೆ ಆ ಸೀಸವೇ ರಕ್ಷಣೆ ಆಗಿತ್ತು. ಬಲ ಏರಿಸಿ ಜೋರು ಓಡಿಸುವವರು ಗಟ್ಟಿ ಸೀಟ್ ಕೂರಿಸಲೇಬೇಕು. ಈಗಿನ ಎಥೆನಾಲ್ ಪೆಟ್ರೋಲಿನ ಆಕ್ಟೇನ್ ಹೆಚ್ಚು, ಬಡಿತ ಕಡಿಮೆ, ನಿಜ. ಆದರೆ ಹಳೇ ರಬ್ಬರ್ ಪೈಪು ಮೆತ್ತಗಾಗಿ ಸೋರುತ್ತದೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಗತಿ ಏನು? ನಮ್ಮ ಕಬ್ಬಿನ ಸೀಮೆಯ ಎಥೆನಾಲ್ ನಮ್ಮ ಗಾಡಿಗೇ ಹೀಗೆ!

ಬ್ರೇಕಿನ ಮಾತು ಯಾರೂ ಎತ್ತುವುದಿಲ್ಲ. ಹಳೇ ಅಂಬಾಸಿಡರಿನ ನಾಲ್ಕೂ ಗಾಲಿಗೆ ಡ್ರಮ್. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಮುಧೋಳ ರಸ್ತೆಯಲ್ಲಿ ಹಿಂದಿನ ದೀಪ ಇಲ್ಲದ ಡಬಲ್ ಟ್ರೇಲರ್ ಎದುರಾದರೆ 70 ಕುದುರೆ ಏನು ಮಾಡ್ಯಾವು? ದುಡ್ಡು ಇದ್ದವರು ಬ್ರೇಕ್ ಶೂ, ವ್ಹೀಲ್ ಸಿಲಿಂಡರ್, ಹೋಸ್ ಮೊದಲು ಹಾಕಿಸಲಿ.

ಕೆಲವರು ಇಂಜಿನ್ನನ್ನೇ ಬದಲಿಸುತ್ತಾರೆ. 1990ರ ದಶಕದಲ್ಲಿ ಅಂಬಾಸಿಡರಿಗೇ ಬಂದ 1817 ಸಿಸಿ ಇಸುಜು ಇಂಜಿನ್, ಐದು ಗೇರಿನದು, ಇದಕ್ಕೆ ಹತ್ತಿರದ ನೆಂಟ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಬೇಕು. ನಮ್ಮ ಕೆಎ-48 ಕಚೇರಿ ಜಮಖಂಡಿಯಲ್ಲೇ ಇದೆ. ಇಂಜಿನ್ ನಂಬರು ಆರ್‌ಸಿಗೆ ತಾಳೆ ಆಗದಿದ್ದರೆ, ಅಪಘಾತ ಆದ ಮೇಲೆ ವಿಮೆಯವರು ಕೆದಕುವುದು ಅದನ್ನೇ.