ನಿಮಗಿದು ಗೊತ್ತೆ? ತಿಂಗಳಿಗೆ 5 ರೂಪಾಯಿಗೆ ಹೃದಯದ ಆಪರೇಷನ್!
ಕರ್ನಾಟಕದ ‘ಯಶಸ್ವಿನಿ’ ಆರೋಗ್ಯ ಯೋಜನೆ 2003ರಲ್ಲಿ ಜಾರಿಗೆ ಬಂದಾಗ ಸಹಕಾರ ಸಂಘದ ರೈತ ಸದಸ್ಯ ಕಟ್ಟಬೇಕಿದ್ದುದು ವರ್ಷಕ್ಕೆ ಬರೀ 60 ರೂಪಾಯಿ. ಹೃದ್ರೋಗ ತಜ್ಞ ಡಾ. ದೇವಿಶೆಟ್ಟಿ ಇದರ ರೂವಾರಿಗಳಲ್ಲಿ ಒಬ್ಬರು. ಇಷ್ಟು ಅಗ್ಗಕ್ಕೆ ಹೇಗೆ ಗಿಟ್ಟಿತು? ಲಕ್ಷಾಂತರ ಮಂದಿ ಕಟ್ಟುತ್ತಾರೆ, ಆಪರೇಷನ್ ಬೇಕಾಗುವುದು ಕೆಲವರಿಗಷ್ಟೇ. ನೆಗಡಿ, ಜ್ವರದ ಖರ್ಚು ಇದರಲ್ಲಿ ಸೇರಿರಲಿಲ್ಲ. ಹೊಲ ಮಾರಿಸುವಂಥ ಶಸ್ತ್ರಚಿಕಿತ್ಸೆಗಳಿಗೇ ಆದ್ಯತೆ. ಖಾಸಗಿ ಆಸ್ಪತ್ರೆಗಳಿಗೂ ಖಾಲಿ ಹಾಸಿಗೆ ತುಂಬುವ ದಾರಿ ಬೇಕಿತ್ತು, ಹಾಗಾಗಿ ಕಡಿಮೆ ದರಕ್ಕೆ ಒಪ್ಪಿದವು. ಸರ್ಕಾರವೂ ಕೈಜೋಡಿಸಿತು. ಹಣ ಸಂಗ್ರಹಕ್ಕೆ ಹೊಸ ಕಚೇರಿ ಬೇಕಾಗಲಿಲ್ಲ; ಊರಿನ ಸಹಕಾರ ಸಂಘಗಳಿದ್ದವಲ್ಲ, ನಿಜವಾದ ಜಾಣತನ ಇದೇ! 2018ರಲ್ಲಿ ‘ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ವಿಲೀನವಾಗಿದ್ದ ಯಶಸ್ವಿನಿಗೆ 2022ರಲ್ಲಿ ಮರುಜೀವ ಬಂತು. ಆಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ.